ಕುದುರೆ ನೀರು ಕುಡಿಯುವಷ್ಟು ಹೊತ್ತು

ಪಿನಾರ್ ದೆಲ್ ರಿಯೊದ ಚುಟ್ಟದ ಕಾರ್ಖಾನೆಯಲ್ಲಿ
ನನಗೆ ಎಲೆ ಸುತ್ತುವ ಕೆಲಸವಿಲ್ಲ.
ನೂರಾ ಹನ್ನೆರಡು ಜನ ಸುತ್ತುತ್ತಾರೆ, ನಾನು ಓದುತ್ತೇನೆ.
ಎತ್ತರದ ಕಟ್ಟೆ, ಒಂದು ಲೋಟ ನೀರು, ಕೆಮ್ಮುವ ಮೈಕು.
ಬೆಳಿಗ್ಗೆ ಪತ್ರಿಕೆ; ಊಟದ ಮೇಲೆ
ಅವರೇ ಕೈಯೆತ್ತಿ ಆರಿಸಿದ ಪುಸ್ತಕ.
ಮೆಚ್ಚಿದರೆ ಅರ್ಧಚಂದ್ರದ ಕತ್ತಿಯಲ್ಲಿ ಹಲಗೆ ಕುಟ್ಟುತ್ತಾರೆ,
ಸಿಟ್ಟು ಬಂದರೆ ಅದೇ ಕತ್ತಿ ನೆಲಕ್ಕೆ.
ಹತ್ತೊಂಬತ್ತು ವರ್ಷದಲ್ಲಿ ನೆಲದ ಸದ್ದು ಕೇಳಿದ್ದು ಎರಡೇ ಸಲ.
ಒಂದು ಸಲ ತಪ್ಪು ನನ್ನದೇ:
ಎರಡು ಪುಟ ಒಟ್ಟಿಗೆ ಮಗುಚಿ
ಮದುವೆಗೆ ಮೊದಲೇ ಮಗು ಹುಟ್ಟಿಸಿದ್ದೆ.

ಈ ಸಲ ಒಂದು ಹಳೆಯ ನಾಟಕ.
ಮುನ್ನೂರು ವರ್ಷ ಆಡಿ ಆಡಿ ಸವೆದದ್ದು,
ಶಾಲೆಯಲ್ಲಿ ಎಲ್ಲರೂ ಓದಿದಂತೆ ನಟಿಸಿದ್ದು.
ಗಿರಣಿಯವನ ಮಗಳು, ಅವಳ ತಲೆಗೆ ಕಟ್ಟಿದ ಸುಳ್ಳು ಕಳವು,
ಬೆಳಕು ಹರಿದರೆ ಗಲ್ಲು.
ಐದನೆಯ ಅಂಕದಲ್ಲಿ ದೊರೆಯ ಮನಸ್ಸು ಕರಗುತ್ತದೆ.
ಕ್ಷಮೆಯ ಕಾಗದ ಹೊತ್ತು ಸವಾರ ಹೊರಡುತ್ತಾನೆ,
ಹೊಳೆಯ ಹತ್ತಿರ ಇಳಿಯುತ್ತಾನೆ.
ಕುದುರೆಗೆ ಬಾಯಾರಿರುತ್ತದೆ.

ಶುಕ್ರವಾರ ರಾತ್ರಿ, ಎಂದಿನಂತೆ, ಮರುದಿನದ ಪುಟಗಳನ್ನು
ಅಡುಗೆಮನೆಯಲ್ಲಿ ಒಬ್ಬಳೇ ಓದಿಕೊಂಡೆ.
ಅನ್ನ ತಳ ಹಿಡಿಯಿತು.
ಎಷ್ಟು ಹೊತ್ತು, ಒಂದು ಕುದುರೆ ನೀರು ಕುಡಿಯಲು
ಎಷ್ಟು ಹೊತ್ತು ಬೇಕು?
ಬರೆದವನೋ ಎಂದೋ ಮಣ್ಣಾದವನು;
ಸತ್ತವರ ಮೇಲೆ ಬಂದ ಕೋಪವನ್ನು ಎಲ್ಲಿ ಇಳಿಸುವುದು?
ಪಾತ್ರೆ ಉಜ್ಜಿದೆ, ತೂತು ಬೀಳುವ ಹಾಗೆ.

ಶನಿವಾರ ಓದಿದೆ. ಸವಾರ ಇಳಿದ,
ಕಡಿವಾಣ ಸಡಿಲಿಸಿದ, ಕುದುರೆ ಕತ್ತು ಬಗ್ಗಿಸಿತು,
ಪುಸ್ತಕ ಮುಚ್ಚಿದೆ.
ಗಂಟೆ ಹೊಡೆಯಲು ಇನ್ನೂ ಆರು ನಿಮಿಷ.
ಗಂಟಲು ನೋವು ಅಂದೆ.

ಭಾನುವಾರವಿಡೀ ನಮ್ಮೂರಲ್ಲಿ ಆ ಹುಡುಗಿ ಬದುಕಿದ್ದಳು.
ಬ್ರೆಡ್ಡಿನ ಸಾಲಿನಲ್ಲಿ ಅವಳದೇ ಮಾತು.
ಸವಾರ ಮುಟ್ಟಿಯೇ ಮುಟ್ಟುತ್ತಾನೆಂದು
ಎವೆಲಿಯೊ ಎರಡು ಕೋಳಿ ಪಣಕ್ಕಿಟ್ಟ.
ಎಲೆಯ ನಾರು ಬಿಡಿಸುವ ಬಾಲ್ದೊಮೆರಾ
ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದಳಂತೆ;
ಯಾರ ಹೆಸರಿಗೆ ಎಂದು ಪಾದ್ರಿ ಕೇಳಿದರೆ
'ಕುದುರೆಗೆ' ಅಂದಳಂತೆ.

ಸೋಮವಾರ ತಪ್ಪಿಸಿಕೊಳ್ಳುವಂತಿರಲಿಲ್ಲ.
ಹಗ್ಗ ಬಿಗಿದಾದ ಮೇಲೆ ದೂರದಲ್ಲಿ ಗೊರಸಿನ ಸದ್ದು.
ಸವಾರ ಕಾಗದ ಎತ್ತಿ ಹಿಡಿಯುತ್ತಾನೆ,
ಇಸಿದುಕೊಳ್ಳಲು ಯಾರೂ ಕೈ ಚಾಚುವುದಿಲ್ಲ.
ತೆರೆ.

ಕತ್ತಿ ಹಲಗೆಗೂ ಬೀಳಲಿಲ್ಲ, ನೆಲಕ್ಕೂ ಬೀಳಲಿಲ್ಲ.
ಫ್ಯಾನು ಮಾತ್ರ ತನ್ನ ಪಾಡಿಗೆ.
'ಕೋಳಿ ಯಾರಿಗೆ ಕೊಡಲಿ?' ಎವೆಲಿಯೊ ಕೇಳಿದ.
ನೋಡಿದರೆ, ಎದುರು ಪಣ ಕಟ್ಟಿದವರು
ಒಬ್ಬರೂ ಇರಲಿಲ್ಲ.

ಬಾಲ್ದೊಮೆರಾ ಎಲೆಯಿಂದ ಕಣ್ಣೆತ್ತದೆ ಹೇಳಿದಳು:
'ಬಾಯಾರಿದ ಪ್ರಾಣಿಗೆ ನೀರು ಬೇಡ ಅನ್ನಲಾದೀತೇ?
ಕರಗುವ ಮನಸ್ಸು
ನಾಲ್ಕನೆಯ ಅಂಕದಲ್ಲೇ ಕರಗಬಾರದಿತ್ತೇ?'
ಹವಾನಾದಿಂದ ಅವಳ ಮಗನಿಗೆ ಔಷಧಿ ಬಂದದ್ದು
ಅವನ ಒಂಬತ್ತನೆಯ ದಿನದ ಪ್ರಾರ್ಥನೆಗೆ.
ಅದು ಗೊತ್ತಿದ್ದ ನಾವು ನಾಲ್ವರು
ಬೇರೆಲ್ಲೋ ನೋಡಿದೆವು.

ಮಂಗಳವಾರ ಹೊಸ ಪುಸ್ತಕಕ್ಕೆ ಕೈಯೆತ್ತುವ ದಿನ.
ಒಂದು ಪತ್ತೇದಾರಿ, ಒಂದು ಪ್ರೇಮದ್ದು,
ಒಬ್ಬ ಬೇಸ್‌ಬಾಲ್ ಆಟಗಾರನ ಜೀವನ.
ಹಿಂದಿನ ಬೆಂಚಿನಿಂದ ಯಾರೋ 'ಅದನ್ನೇ' ಅಂದರು.
ಎಪ್ಪತ್ತೊಂದು ಕೈ ಮೇಲೆ.
'ಮೊದಲಿನಿಂದ ಓದು,' ಅಂದರು.

ಇವತ್ತು ಮತ್ತೆ ಐದನೆಯ ಅಂಕ.
ಎಲ್ಲರಿಗೂ ಗೊತ್ತು. ಆದರೂ
ಬೆರಳುಗಳು ಸ್ವಲ್ಪ ನಿಧಾನ.
ಹೊಳೆ ಬಂತು.
ಆ ಸಾಲಿನಲ್ಲಿ ಎರಡು ಅಲ್ಪವಿರಾಮಗಳಿವೆ.
ಎರಡರಲ್ಲೂ ನಿಲ್ಲಲಿಲ್ಲ, ಉಸಿರೂ ಎಳೆದುಕೊಳ್ಳಲಿಲ್ಲ;
ಬಗ್ಗುತ್ತಿದ್ದ ಕತ್ತನ್ನು ಅಲ್ಲೇ ಎತ್ತಿಸಿ
ಸವಾರನನ್ನು ದಾರಿಗೆ ಅಟ್ಟಿದೆ.
ಪಕ್ಕದಲ್ಲಿದ್ದ ನನ್ನ ಲೋಟ
ಸಂಜೆಯವರೆಗೂ ತುಂಬಿಯೇ ಇತ್ತು.