ಮೂರು ಬೆರಳಿನ ಹಿಡಿ

ಶನಿವಾರ ಸಂಜೆ, ಬುಟ್ಟಿ ಬೆನ್ನಿಗೇರಿಸಿ
ಹಣೆಗೆ ಪಟ್ಟಿ ಬಿಗಿದು
ಮನೆಮನೆಯ ಹಿಡಿಯಕ್ಕಿ ಎತ್ತುವ ಪಾಳಿ ನನ್ನದು.
ಎಸರಿಗೆ ಸುರಿಯುವ ಮುನ್ನ
ಅಳೆದ ಅಕ್ಕಿಯಿಂದ ಒಂದು ಹಿಡಿ
ಬೇರೆ ಡಬ್ಬಿಗೆ.
ಮಿಜೋ ಬೆಟ್ಟದಲ್ಲಿ ನಮ್ಮ ಅಡುಗೆ ಶುರುವಾಗುವುದೇ ಹಾಗೆ:
ಉಂಡು ಮಿಕ್ಕಿದ್ದಲ್ಲ,
ಉಣ್ಣುವ ಮೊದಲಿನದು.

ರೊಥುವಾಮಿ ಅಜ್ಜಿಯ ಬಲಗೈಯಲ್ಲಿ ಬೆರಳು ಮೂರೇ.
ಇನ್ನೆರಡು ಯಾವುದೋ ಇಳಿಜಾರಿನ ಹೊಲದಲ್ಲಿ
ಕತ್ತಿಯ ಬಾಯಿಗೆ ಹೋದವಂತೆ, ನಾನು ಹುಟ್ಟುವ ಮೊದಲು.
ಅವಳ ಹಿಡಿ ಸೋರುತ್ತಿತ್ತು.
ಅದಕ್ಕೇ ಎರಡು ಸಲ ಹಾಕುತ್ತಿದ್ದಳು.
“ನನ್ನ ಬೆರಳು ಹೋದದ್ದಕ್ಕೆ
ಅವನಿಗೇಕೆ ನಷ್ಟ?” ಅನ್ನುತ್ತಿದ್ದಳು,
ಅಂಗಡಿಯ ಬಾಕಿ ಮಾತಾಡುವ ದನಿಯಲ್ಲಿ.

ಆ ವರ್ಷ ಬಿದಿರು ಹೂ ಬಿಟ್ಟಿತು.
ಪೇರಲದಂಥ ಕಾಯಿ ಜೋತು, ಉದುರಿ,
ಕಾಯಿ ತಿಂದ ಇಲಿ ಇಮ್ಮಡಿಯಾಗಿ, ನಾಲ್ಮಡಿಯಾಗಿ
ಒಂದು ರಾತ್ರಿ ಇಳಿದು ಬಂದವು.
ಬೆಳಿಗ್ಗೆ ತೆನೆಯಲ್ಲಿ ಕಾಳಿರಲಿಲ್ಲ.
ಹುಲ್ಲು ನಿಂತೇ ಇತ್ತು,
ಏನೂ ಆಗದವರ ಹಾಗೆ.

ಬುಟ್ಟಿ ಹೊರಲು ನನಗೆ ನಾಚಿಕೆ.
ಸಭೆಯ ಹಿರಿಯ ದಾರ್‌ಖೂಮಾ ಪ್ರಾರ್ಥನೆ ಮುಗಿಸಿ ಹೇಳಿದ್ದರು:
ಈ ಸಲ ಯಾರನ್ನೂ ಕೇಳಬೇಡಿ,
ಬಾಗಿಲ ಮುಂದೆ ಸುಮ್ಮನೆ ಹಾದುಹೋಗಿ, ಸಾಕು.
ಹಾದುಹೋಗುವುದು ಕೇಳುವುದಕ್ಕಿಂತ ಕಷ್ಟ
ಅಂತ ಅವರಿಗೆ ಹೊಳೆದಿರಲಿಲ್ಲ.
ಅಜ್ಜಿಯ ಮನೆ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದು
ಕಳ್ಳಿಯ ಹಾಗೆ ನಡೆದೆ.
ನಾಯಿ ಗುಟ್ಟು ಬಿಟ್ಟುಕೊಟ್ಟಿತು.

“ಏ ಹುಡುಗಿ, ನನ್ನ ಡಬ್ಬಿ ಬೇಡವಾಯಿತೇ?”

ಒಲೆಯ ಮೇಲೆ ಕಾಡುಗೆಣಸು ಬೇಯುತ್ತಿತ್ತು,
ಅಕ್ಕಿ ಅದರ ಮೇಲೆ ಉದುರಿಸಲಿಕ್ಕಷ್ಟೇ.
ಡಬ್ಬಿಯಲ್ಲಿ ಮಾತ್ರ
ತಳ ಮುಚ್ಚಿ, ಎರಡು ಬೆರಳು ಮೇಲಕ್ಕೆ.
ಬೇಡ ಅಜ್ಜಿ, ನೀನೇ ಇಟ್ಟುಕೋ, ದೇವರಿಗೆ ಗೊತ್ತು, ಅಂದೆ.
“ಇಲಿಗಳು ಕೇಳಿದವೇ? ಇಡೀ ಹೊಲ ಕೊಟ್ಟೆ.
ಅವನು ಕೇಳುವುದು ಒಂದು ಹಿಡಿ.
ಇದಕ್ಕೆ ಕೂತು ಲೆಕ್ಕ ಹಾಕಲೇ?”

ಸುಳ್ಳು ಹೇಳಲಾರೆ.
ಅವಳ ಮಡಕೆ ತುಂಬಿ ಬರಲಿಲ್ಲ.
ಜನವರಿಗೆ ತಳ ಕಂಡಿತು, ಫೆಬ್ರವರಿಗೆ
ತೊಳೆದು ಬೋರಲು ಹಾಕಿದಳು.
ಆ ವಿಧವೆಯ ಹಿಟ್ಟು ಮುಗಿಯಲಿಲ್ಲವೆಂದು ಪಾದ್ರಿಗಳು ಓದಿದ ಭಾನುವಾರ
ನಾನು ಅಜ್ಜಿಯ ಕಡೆ ನೋಡದೆ
ಎದುರಿನ ಬೆಂಚಿನ ಮೊಳೆ ಎಣಿಸಿದೆ.
ಅವಳು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು,
ಪಕ್ಕದ ಮನೆಯ ಸುದ್ದಿ ಕೇಳುವವಳಂತೆ.

ಆಮೇಲೆ ಸಂಘದಲ್ಲಿ ತೀರ್ಮಾನವಾಯಿತು:
ಚರ್ಚಿನ ಹಿಂದಿನ ಕೋಣೆಯಲ್ಲಿ ಕೂಡಿಟ್ಟ ಹಿಡಿಗಳೆಲ್ಲ
ತೂಗಿ, ಪೊಟ್ಟಣ ಕಟ್ಟಿ, ಇಲ್ಲದವರ ಮನೆಗೆ.
ಅದೇ ಬುಟ್ಟಿ, ಅದೇ ನಾನು, ಅದೇ ನಾಯಿ.
ಎರಡು ಕಿಲೋ. ಕೆಂಪು, ಬಿಳಿ, ನುಚ್ಚು ಬೆರೆತದ್ದು;
ಯಾರ ಹಿಡಿ ಯಾವುದೋ.
ಅಜ್ಜಿ ಮೊರಕ್ಕೆ ಸುರಿದು ಕಲ್ಲು ಆರಿಸಿದಳು.
ಒಂದು ಕಾಳನ್ನು ಬೆಳಕಿಗೆ ಹಿಡಿದು
“ಇದು ನನ್ನದೇ ಇರಬೇಕು” ಅಂದಳು, ತಮಾಷೆಗೆ.
ಎಸರು ಕುದಿಯಿತು.
ಮೂರು ಬೆರಳು ಮತ್ತೆ ಅಕ್ಕಿಗಿಳಿದವು,
ಒಂದು ಸಲ. ಇನ್ನೊಂದು ಸಲ.
ಖಾಲಿ ಡಬ್ಬಿಯಲ್ಲಿ ಅಕ್ಕಿ ಬಿದ್ದರೆ
ಎಷ್ಟೊಂದು ಸದ್ದು!

ಕೊಟ್ಟ ಅಕ್ಕಿಯಿಂದಲೂ ತೆಗೆಯುತ್ತಾರೆಯೇ, ಅಜ್ಜಿ?
“ಮತ್ತೆ ಯಾವುದರಿಂದ?
ಕೊಡದ ಅಕ್ಕಿ ಯಾವುದಿದೆ ಹೇಳು, ನನ್ನ ಹತ್ತಿರ.”

ಈಗ ನನಗೂ ಒಂದು ಒಲೆ, ಒಂದು ಡಬ್ಬಿ.
ಐದು ಬೆರಳೂ ಇವೆ.
ತಿಂಗಳ ಕೊನೆಯಲ್ಲಿ ಅವು ತಾವಾಗಿಯೇ ಸಡಿಲಾಗಿ
ನಾಲ್ಕು ಕಾಳು ಪಾತ್ರೆಗೇ ಜಾರಿಬಿಡುತ್ತವೆ.
ಆಗ ಎರಡನೇ ಸಲ ಕೈ ಹಾಕುತ್ತೇನೆ.
ಎಲ್ಲ ಸಂಜೆಯೂ ಅಲ್ಲ.