ಎರಡು ಅಡ್ಡ ಗೀಟು

ಏಪ್ರಿಲ್. ರಾತ್ರಿ ಎಂಟೂವರೆ. ಹಗಲೆಲ್ಲ ಕುಡಿದ ಬಿಸಿಲನ್ನು
ಬಳ್ಳಾರಿಯ ಬಂಡೆಗುಡ್ಡ ಈಗ ಬ್ರೂಸ್‌ಪೇಟೆಯ ಮೇಲೆ ಉಗುಳುತ್ತಿದೆ.
ಹುಸೇನ್‌ಪೀರ ಮಾಸ್ತರ್ ಕರ್ಚೀಫಿನ ಗಂಟು ಬಿಚ್ಚಿ
ಉಗುರಗಲದ ಕಾರ್ಡೊಂದನ್ನು ಗಾಜಿನ ಮೇಲಿಟ್ಟರು.
ಬೆರಳ ತುದಿಯಲ್ಲಿ ನೀಲಿ, ಜೀನ್ಸು ಕತ್ತರಿಸುವವರ ನೀಲಿ,
ಯಾವ ಸಾಬೂನಿಗೂ ಬಗ್ಗದ್ದು.

"ಹನ್ನೊಂದು ವರ್ಷದ ಪ್ಯಾಟರ್ನು ಇದರಾಗೆ ಐತಮ್ಮ.
ಕರೆಂಟು ಹೋತು, ಬಂತು.
ಈಗ ತೆಗೆದ್ರೆ ಖಾಲಿ ಅಂತೈತೆ."

ಖಾಲಿಯಲ್ಲ ಮಾಸ್ತರೇ.
ಎಲ್ಲ ಇದೆ.
ಯಾವುದು ಎಲ್ಲಿದೆ ಎಂಬುದಷ್ಟೇ ಇಲ್ಲ.

ಹೇಗೆ ಹೇಳಲಿ?
ಇದರೊಳಗೆ ಬರೆದದ್ದರ ಮೇಲೆ ಬರೆಯಲು ಬಾರದು.
ಮೂವತ್ತೆರಡು ಸೊಂಟದ ಹಿಂಜೇಬನ್ನು ಕಾಲಿಂಚು ಅಗಲಿಸಿದಿರಿ ಅನ್ನಿ,
ಹಳೆಯ ಜೇಬು ಇದ್ದಲ್ಲೇ ಇರುತ್ತದೆ,
ಹೊಸದು ಬೇರೆಲ್ಲೋ ಹೋಗಿ ಕೂರುತ್ತದೆ.
ನೀವು ಕೇಳುವ ನಂಬರು ಮಾತ್ರ ಅದೇ.
ನಡುವೆ ಒಬ್ಬ ಗುಮಾಸ್ತ, ಅವನದೊಂದು ಖಾತೆ:
ಈ ನಂಬರಿಗೆ ಈಗ ಈ ಮನೆ.
ಜೇಬು ಮನೆ ಬದಲಿಸಿದಾಗೆಲ್ಲ ಅವನು ಖಾತೆ ತಿದ್ದಬೇಕು.
ಅವಸರಕ್ಕೆ ನೆನಪಲ್ಲಿಟ್ಟುಕೊಂಡಿರುತ್ತಾನೆ,
ಬಿಡುವಾದಾಗ ಬರೆಯುತ್ತಾನೆ.
ಆ ಬಿಡುವು ಬರುವ ಮೊದಲೇ
ನಿಮ್ಮ ಫೀಡರು ಟ್ರಿಪ್ಪಾಯಿತು.

(ಕೌಲ್‌ಬಜಾರಿನ ನಮ್ಮ ಬಾಗಿಲಿಗೂ ಮೂರು ನಂಬರು:
ಮುನಸಿಪಾಲ್ಟಿಯದು, ಕಾರ್ಪೊರೇಷನ್ನಿನದು,
ಗಣತಿಯವರು ಸುಣ್ಣದಲ್ಲಿ ಗೀಚಿ ಹೋದದ್ದು.
ಗ್ಯಾಸಿನ ಓಬಳೇಶ ಮೂರನ್ನೂ ಓದುವುದಿಲ್ಲ.
ಏಣಿ ಮನೆ ಅಂತ ನೇರ ಬರುತ್ತಾನೆ.
ಏಣಿ ಗೆದ್ದಲು ತಿಂದು ಆರು ವರ್ಷ.)

ಮಾಸ್ತರ್ ಜೇಬಿನಿಂದ ಸುಣ್ಣದ ಬಿಲ್ಲೆ ತೆಗೆದರು,
ನನ್ನ ಗಾಜಿನ ಮೇಲೆಯೇ ಎಳೆದರು.
"ಬಟ್ಟೆ ಮ್ಯಾಲೆ ಗೀಟು ತಪ್ಪಿದ್ರೆ ನಾವೂ ಅಳಿಸಲ್ಲ.
ಅಳಿಸಿದ್ರೆ ಮಬ್ಬಾಗಿ ಕಣ್ಣಿಗೆ ಮೋಸ.
ಪಕ್ಕದಾಗೆ ಹೊಸಾ ಗೀಟು, ಹಳೇದಕ್ಕೆ ಎರಡು ಅಡ್ಡ.
ಕತ್ರಿ ಹಿಡಿಯೋನು ಅಡ್ಡ ನೋಡಿ ಬಿಟ್ಟುಬಿಡ್ತಾನೆ."

ಅದೇ!
ಇಷ್ಟು ಹೊತ್ತು ನಾನು ತಡವರಿಸಿದ್ದು ಅದನ್ನೇ.

ಅವರು ಹೋದ ಮೇಲೆ ಷಟರ್ ಅರ್ಧ ಇಳಿಸಿ ಕೂತೆ.
ಪ್ರತಿ ಪುಟದ ಅಂಚಿನಲ್ಲೂ ಸಣ್ಣ ಬರಹವಿರುತ್ತದೆ:
ನಾನು ಇಂಥ ನಂಬರು, ಇಷ್ಟನೆಯ ಸರದಿ.
ಕಟಿಂಗ್ ಟೇಬಲ್ಲಿನ ಕಟ್ಟಿಗೆ ಅಂಟಿಸುವ ಚೀಟಿಯಂತೆ.
ಒಂದೊಂದೇ ಅಂಚು ಓದುತ್ತ ಹೊಸ ಖಾತೆ ಕಟ್ಟಬೇಕು.
ಒಂದೇ ನಂಬರು ಹೇಳಿಕೊಂಡು ಮೂವರು ನಿಂತಿದ್ದಾರೆ.
ಸರದಿ ಒಂಬತ್ತು, ಹನ್ನೆರಡು, ಮೂವತ್ತೊಂದು.
ಮೂವತ್ತೊಂದೇ ನಿಜ ಎನ್ನಲು ಕೈ ಎತ್ತಿದೆ,
ನೋಡಿದರೆ ಅದು ಅರ್ಧಕ್ಕೇ ನಿಂತ ಬರಹ,
ಕರೆಂಟು ಹೋದ ಗಳಿಗೆಯದು.
ಹಾಗಾಗಿ ಹನ್ನೆರಡು.
ಕೊನೆಯದೇ ನಿಜ ಅನ್ನುವುದು ಅರ್ಧ ಮಾತು,
ಪೂರ್ತಿ ಬರೆದದ್ದರಲ್ಲಿ ಕೊನೆಯದು ನಿಜ.

ಎರಡೂಮುಕ್ಕಾಲಿಗೆ ಒಂದು ಲೇಬಲ್ಲು ಸಿಕ್ಕಿತು.
ಪೀರ–ಭೀಮಲಿಂಗ ಗಾರ್ಮೆಂಟ್ಸ್, ನಡುವೆ ಎರಡು ಕೈ.
ಅದೇ ನಂಬರಿನ ಕೊನೆಯ ಸರದಿಯಲ್ಲಿ
ಪೀರ ಮಾತ್ರ. ಕೈಗಳಿಲ್ಲ.
ಹಳೆಯದು ಅಳಿದಿಲ್ಲ, ಆ ಓಣಿಯನ್ನಿನ್ನೂ ಯಾರೂ ಒರೆಸಿಲ್ಲ,
ದಾರಿ ಕೊಟ್ಟರೆ ನಡೆದು ಬಂದೀತು.
ಕೊಡಲಿಲ್ಲ.
ಕಂಡದ್ದನ್ನೆಲ್ಲ ಸೇರಿಸಿದರೆ ಅದು ಖಾತೆಯಲ್ಲ, ಸಂತೆ.

ಬೆಳಿಗ್ಗೆ ಬಂದವರೇ ಜೇಬು ನೋಡಲಿಲ್ಲ, ಸೊಂಟ ನೋಡಲಿಲ್ಲ.
"ಲೇಬಲ್ಲು ಬಂತಾ?"
ಬಂತು.
"ಯಾವುದು?"
ಕೊನೇದು.
ಸ್ವಲ್ಪ ಹೊತ್ತು ಫ್ಯಾನು ಮಾತ್ರ ತಿರುಗಿತು.
"ಹಳೇದು?"
ಅದಕ್ಕೆ ಎರಡು ಅಡ್ಡ ಐತಲ್ಲ ಮಾಸ್ತರೇ.
"ಹ್ಞೂ. ಹಾಕಿದೋನು ನಾನೇ."

ರೊಕ್ಕ ಎಣಿಸಿದರು. ಇನ್ನೂರು ಕಮ್ಮಿ ಇತ್ತು.
"ಸಂಜೀಗೆ ಹುಡುಗನ ಕೈಲಿ ಮನೀಗೇ ಕಳಿಸ್ತೀನಿ.
ಗೊತ್ತೈತೆ ಬಿಡಮ್ಮ,
ಏಣಿ ಮನೆ ಅಲ್ಲೇನು?"