ಕಳೆ

ವಾಲ್ಪರೈಸೋದ ಬಂದರಿಗೆ ಮಂಜು ಇಳಿದಾಗ
ದೀಪಸ್ತಂಭದ ಕೊಂಬು ಕೂಗುತ್ತದೆ, ಒಂದೇ ಸ್ವರ,
ಏರಿಲ್ಲ, ಇಳಿವಿಲ್ಲ, ಎಳೆದ ನೂಲಿನ ಹಾಗೆ.
ನನ್ನ ಪ್ರೋಗ್ರಾಮಿನ ಮೊದಲ ಸಾಲು ಬರೆದದ್ದು
ಅದನ್ನು ಕೇಳುತ್ತಾ, ಕಾಲಿಗೆ ಕಂಬಳಿ ಸುತ್ತಿಕೊಂಡು,
ಗುಡ್ಡದ ಮೇಲಿನ ತಗಡಿನ ಮನೆಯಲ್ಲಿ.

ಉಪಾಯ ಸರಳ. ಫೋಟೋವನ್ನು ನೋಡಬೇಡ,
ಸಾಲು ಸಾಲಾಗಿ ಓದು. ಬೆಳಕೆಂದರೆ ಏರು,
ಕತ್ತಲೆಂದರೆ ಇಳಿವು. ಒಂದು ಸಾಲು ಚುಕ್ಕಿ
ಒಂದು ಅಲೆ.
ಬೇಲಿ ಇದ್ದಲ್ಲಿ ಕೀರಲು, ಆಕಾಶವಿದ್ದಲ್ಲಿ ಮಂದ್ರ,
ಬಟ್ಟೆ ಒಣಹಾಕಿದ ಹಗ್ಗ
ಕುಡಿದವನು ಹಾಕಿದ ತಾಳ.
ಸದ್ದಿಗೆ ಮಾಡುವುದನ್ನೆಲ್ಲ ಇದಕ್ಕೂ ಮಾಡಬಹುದು:
ಸೋಸು, ಬೆರೆಸು, ಮಡಚು,
ಅದರ ಬಾಲವನ್ನು ಅದಕ್ಕೇ ತಿನ್ನಿಸು.

ಮೊದಲ ಮೂರು ತಿಂಗಳು ಬರೀ ಬೂದಿ.
ಒಂದು ರಾತ್ರಿ ದಶಾಂಶದ ಚುಕ್ಕಿ ಮರೆತು
ಪಕ್ಕದ ಮನೆಯ ನಾಯಿಯ ಚಿತ್ರ
ತನ್ನನ್ನೇ ನುಂಗಿ ನುಂಗಿ
ತೆರೆಯ ತುಂಬ ಬಿಳಿ ಉರಿ.
ಹೊರಗೆ ನಾಯಿ ಬೊಗಳುತ್ತಲೇ ಇತ್ತು.

ಕೆಳಗಿನ ಬೀದಿಯ ರೇಡಿಯೋ ರಿಪೇರಿಯ ಎರ್ಮೊಹೆನೆಸ್,
ಕೋಳಿಗೂಡಿನಷ್ಟು ಅಂಗಡಿಯಲ್ಲಿ
ತಾನೇ ಬೆಸೆದ ಸದ್ದಿನ ಯಂತ್ರ ಇಟ್ಟುಕೊಂಡವನು
(ಆಸಿಲೇಟರಿನ ಕಿವಿ ಹಿಂಡಲು ನನಗೆ ಕಲಿಸಿದವನೂ ಅವನೇ,
ಸತ್ತ ರೇಡಿಯೋಗಳಿಂದ ಎಂಟು ಕಿವಿ ಕಿತ್ತು
ಪೆಟ್ಟಿಗೆಯೊಂದಕ್ಕೆ ಕೂರಿಸಿಕೊಟ್ಟವನೂ)
ಬಂದ, ನೋಡಿದ, ಮೂಗು ಮುರಿದ:
"ಇದರಲ್ಲಿ ಗುಂಯ್ ಇಲ್ಲ. ತಂತಿಯ ಗುಂಯ್.
ಸೆಕೆಂಡಿಗೆ ಐವತ್ತು ಸಲ ನಡುಗದ್ದು
ಈ ಊರಿನದಲ್ಲ."
ಸಿಟ್ಟು ಬಂತು. ಅವನು ಹೋದ ಮೇಲೆ ಸೇರಿಸಿದೆ.
ಚಿತ್ರದ ಮೇಲೆ ಮಸುಕು ಪಟ್ಟೆಗಳು
ಮೆಲ್ಲಗೆ ಹತ್ತಿದವು, ನಮ್ಮ ಗುಡ್ಡದ ಹಳೇ ಲಿಫ್ಟ್‌ಗಾಡಿಯ ಹಾಗೆ,
ಒಳಗೆ ಯಾರೂ ಇಲ್ಲದೆ.
ಅವನಿಗೆ ಹೇಳಲಿಲ್ಲ.

ಮೀನುಕಟ್ಟೆಯ ಲುದೊವಿನಾಗೆ ಯಾರು ಹೇಳಿದರೋ.
ಬಂದಳು, ಕೈ ಒರೆಸಿದಳು, ಏಪ್ರನ್ನಿನ ಜೇಬಿನಿಂದ ಫೋಟೋ ತೆಗೆದಳು:
ದೋಣಿ, ನಾಲ್ಕು ಜನ, ಕೊನೆಯವನು ಅವಳ ತಮ್ಮ,
ತಿರುಗುವಾಗ ಸಿಕ್ಕವನು, ಮುಖವೆಲ್ಲ ಕದಡಿದ ಹಿಟ್ಟು.
ಬೇರೆ ಫೋಟೋ ಇಲ್ಲ.
"ನಿನ್ನ ಯಂತ್ರ ಮುಖ ತಂದುಕೊಡುತ್ತದಂತೆ."

ಇದು ಕೊಡುವ ಯಂತ್ರವಲ್ಲ.
ತುಂಬಿ ತುಳುಕುವ ಸದ್ದಿನಿಂದ ಬೇಡದ್ದನ್ನು ಕಳೆದು ಕಳೆದು
ಉಳಿದದ್ದಕ್ಕೆ ಸ್ವರವೆಂದು ಹೆಸರಿಡುತ್ತಾರೆ;
ನಾನೂ ಅಷ್ಟೇ, ಕಳೆಯುವವಳು.
ಮುಖಕ್ಕೆ ಕಳೆ ತುಂಬುವ ಕಸುಬು ನನ್ನದಲ್ಲ.
ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ.
ಅವಳು ಕುರ್ಚಿ ಎಳೆದುಕೊಂಡು ಕೂತಳು.
"ಯಾವ ಕಿವಿ ಹಿಂಡಬೇಕು?"

ಫಿಲ್ಟರ್ ಬಿಗಿದಳು: ನಾಲ್ವರೂ ಮಂಜಾದರು.
ಇನ್ನೊಂದನ್ನು ತಿರುಗಿಸಿದಳು: ಹಗ್ಗ, ಲಂಗರು, ಟೊಪ್ಪಿಯ ಅಂಚು
ಗಾಜಿನ ಚೂರಿನ ಹಾಗೆ ಎದ್ದವು; ತಮ್ಮ ಮಾತ್ರ ಹಾಗೇ.
ಆಮೇಲೆ ಸಿಕ್ಕಿತು ಎಡತುದಿಯದು,
ಕಿವಿಗೆ ಕೇಳದಷ್ಟು ನಿಧಾನದ ಅಲೆ,
ಬೆಳಕನ್ನು ಒಂದಿಷ್ಟು ಎತ್ತಿ ಒಂದಿಷ್ಟು ಇಳಿಸುವುದು.
ಕದಡಿದ ಮುಖ ಉಬ್ಬಿತು, ತಗ್ಗಿತು, ಉಬ್ಬಿತು.
ತುಂಬ ಹೊತ್ತು ಮಾತಿಲ್ಲ. ಕೊಂಬು ಎರಡು ಸಲ ಕೂಗಿತು.
"ಇಷ್ಟು ಬೇಗ ಅಲ್ಲ" ಅಂದಳು,
"ಮಲಗಿದರೆ ಅವನು ಇಷ್ಟು ಬೇಗ ಉಸಿರಾಡುತ್ತಿರಲಿಲ್ಲ."
ಇಳಿಸಿದಳು. ಇನ್ನೂ. ಮತ್ತೆ ಕೂದಲೆಳೆಯಷ್ಟು ಏರಿಸಿ
ಕೈ ತೆಗೆದಳು.

ಹೊಸ ಚಿತ್ರ ತೆರೆದಾಗೆಲ್ಲ ಯಂತ್ರ ಈಗ
ಆ ಸಂಖ್ಯೆಯಿಂದಲೇ ಶುರುವಾಗುತ್ತದೆ.
ಯಾಕೆಂದು ಕೋಡಿನಲ್ಲಿ ಟಿಪ್ಪಣಿ ಇಲ್ಲ.

ದುಡ್ಡು ಬೇಡವೆಂದಿದ್ದೆ. ಮರುದಿನ ಬಾಗಿಲಲ್ಲಿ
ಪೇಪರಿನಲ್ಲಿ ಸುತ್ತಿದ ಎರಡು ಮೀನು.
ವಾಸನೆ ಹಿಡಿದು ಮೆಟ್ಟಿಲು ಹತ್ತಿದ ಎರ್ಮೊಹೆನೆಸ್
ತೆರೆಯ ಮೇಲೆ ಹತ್ತುತ್ತಿದ್ದ ಪಟ್ಟೆಗಳನ್ನು ನೋಡಿದ,
ನನ್ನನ್ನು ನೋಡಿದ,
"ಬೆಳ್ಳುಳ್ಳಿ ಇದೆಯಾ?" ಅಂದ.